ತಮ್ಮನನ್ನು ಊರು ಸೇರಿಸಿದವರಿಗೆ

ನಿನ್ನೆ ಸಂಜೆಗೆ, ತೀರಿಹೋದ ತಮ್ಮನಿಗಾಗಿ ಒಂಬತ್ತು ದಿನ ನಡೆದ ಜಪಮಾಲೆ ಪ್ರಾರ್ಥನೆ ಮುಗಿಯಿತು. ಹೊರಡುವ ಮೊದಲು ನಾಲ್ಕು ಮಾತು ಬರೆಯದಿದ್ದರೆ ಮನಸ್ಸು ಕೇಳುವುದಿಲ್ಲ.

ಅವನು ಚಿಕ್ಕವನಿದ್ದಾಗಲೇ ನಾವು ಮೆಕ್ಸಿಕೊದ ಈ ಡೊಲೊರೆಸ್ ಹಿಡಾಲ್ಗೊ ಬಿಟ್ಟು ಟೆಕ್ಸಸ್‌ಗೆ ಹೋದೆವು. ಅಮೆರಿಕದ ಮರೀನ್ ಪಡೆ ಸೇರುವಾಗ ಅವನ ಹತ್ತಿರ ಇದ್ದದ್ದು ಗ್ರೀನ್ ಕಾರ್ಡ್ ಮಾತ್ರ. ಸೈನಿಕರಿಗೆ ಪೌರತ್ವ ಬೇಗ ಸಿಗಲಿ ಅಂತ 2002ರಲ್ಲೇ ಆದೇಶ ಬಂದಿತ್ತು. ಇರಾಕ್‌ನಿಂದ ಬಂದಮೇಲೆ ಅರ್ಜಿ ಹಾಕ್ತೀನಿ ಅಂದಿದ್ದ. ಏನಾದರೂ ಆದರೆ ಅಜ್ಜಿ ಪಕ್ಕ ಮಣ್ಣು ಮಾಡಿ ಅಂತಲೂ ಅಂದಿದ್ದ. ಇರಾಕ್‌ನ ರಮಾದಿ ನಗರದಲ್ಲಿ ತೀರಿಹೋಗಿಬಿಟ್ಟ.

ಡೆಲವೇರ್‌ನ ಡೋವರ್ ವಾಯುನೆಲೆಯಿಂದ ಇಲ್ಲಿಯವರೆಗೆ ಅವನ ಜೊತೆ ಬಂದ ಸಾರ್ಜೆಂಟರೇ, ಮೊದಲ ನಮಸ್ಕಾರ ನಿಮಗೆ. ವಿಮಾನ ಬದಲಾಯಿಸುವ ಕಡೆಯಲ್ಲೆಲ್ಲ ಕೆಳಗಿಳಿದು, ಪೆಟ್ಟಿಗೆ ಹತ್ತಿಸುವವರೆಗೂ ಸೆಲ್ಯೂಟ್ ಹೊಡೆದು ನಿಂತಿರಿ. ನಮ್ಮ ಭಾಷೆ ನಿಮಗೆ ಬರುತ್ತಿರಲಿಲ್ಲ. ಆದರೂ ಅಮ್ಮ ರಾತ್ರಿಯೆಲ್ಲ ಮಾತಾಡಿದ್ದನ್ನು ಕೂತು ಕೇಳಿದಿರಿ.

ಬಂದೂಕಿನ ವಿಷಯದಲ್ಲಿ ನನಗೆ ತುಂಬಾ ಭಯವಿತ್ತು. ಇದೇ ಗ್ವಾನಾಹ್ವಾತೊ ರಾಜ್ಯದ ಸಾನ್ ಲೂಯಿಸ್ ದೆ ಲಾ ಪಾಸ್‌ನಲ್ಲಿ 2004ರ ಜುಲೈ 4ರಂದು ಒಬ್ಬ ಮರೀನ್‌ನ ಅಂತ್ಯಕ್ರಿಯೆಯನ್ನೇ ಮೆಕ್ಸಿಕೊ ಸೈನಿಕರು ಮಧ್ಯದಲ್ಲಿ ತಡೆದಿದ್ದರು. ಗೌರವಕ್ಕೆ ಹಿಡಿದಿದ್ದ, ಗುಂಡು ಹಾರದ ರೈಫಲ್‌ಗಳಿಗಾಗಿ! ವಿದೇಶಿ ಸೈನಿಕರು ಇಲ್ಲಿ ಆಯುಧ ಹಿಡಿಯುವಂತಿಲ್ಲ, ಸರಿ. ಆದರೆ ಹೆತ್ತವರ ಎದುರು ಹಾಗಾಗಬಾರದಿತ್ತು, ಅಲ್ವಾ? ನಮ್ಮಲ್ಲಿಗೆ ಬಂದ ಮರೀನ್‌ಗಳು ಬರಿಗೈಯಲ್ಲಿ ಬಂದರು. ಬಾವುಟವನ್ನು ತ್ರಿಕೋನವಾಗಿ ಮಡಚಿ ಅಮ್ಮನ ಕೈಗಿಟ್ಟರು. ಅಷ್ಟು ಸಾಕಿತ್ತು.

ಇನ್ನು ನಮ್ಮ ಬೀದಿಯವರು. 'ಗ್ರಿಂಗೊಗಳ (ಅಮೆರಿಕದವರ) ಯುದ್ಧಕ್ಕೆ ಇವನ್ಯಾಕೆ ಹೋದ' ಅಂತ ನಿಮ್ಮಲ್ಲಿ ಕೆಲವರು ಅಂದದ್ದು ಕಿವಿಗೆ ಬಿತ್ತು. ಬೇಜಾರಿಲ್ಲ. ನಮ್ಮ ಮನೆಯಲ್ಲೂ ಇದೇ ಜಗಳ ಆಗಿತ್ತು. ಹಾಗಂದವರೇ ಗುಂಡಿ ತೋಡಿದಿರಿ, ಹೆಗಲು ಕೊಟ್ಟಿರಿ, ದಿನಾ ಸಂಜೆ ಜಪಕ್ಕೆ ಬಂದಿರಿ. ತಮಾಲೆ ಅನ್ನುವ ಜೋಳದ ಕಡುಬು, ಕಾಫಿಗೆ ನಮ್ಮ ಕೈಯಿಂದ ಒಂದು ಪೆಸೊ ಖರ್ಚಾಗಲು ಬಿಡಲಿಲ್ಲ. ಪಾದ್ರಿಗಳೂ ಅಷ್ಟೇ, ಪ್ರವಚನದಲ್ಲಿ ರಾಜಕೀಯ ತರದೆ ಅವನ ತುಂಟಾಟ ನೆನೆದು ನಗಿಸಿದರು.

ಸತ್ತ ಸೈನಿಕನಿಗೆ ಪೌರತ್ವ ಕೇಳುವ ಫಾರ್ಮ್ ಇನ್ನೂ ಮೇಜಿನ ಮೇಲಿದೆ. ಅರ್ಜಿಗೆ ಎರಡು ವರ್ಷ ಸಮಯವಿದೆಯಂತೆ. ಬದುಕಿದ್ದಾಗ ಬೇಕಿದ್ದ ಕಾಗದ ಈಗ ಯಾಕೆ ಅನ್ನುತ್ತಾರೆ ಅಮ್ಮ. ನನಗೆ ಬೇಕು ಅನಿಸುತ್ತದೆ. ಅವಸರ ಮಾಡದೆ ಸುಮ್ಮನೆ ಫಾರ್ಮ್ ಇಟ್ಟುಹೋದ ಅಧಿಕಾರಿಗೂ ಥ್ಯಾಂಕ್ಸ್.

ಭಾನುವಾರ ಟೆಕ್ಸಸ್‌ಗೆ ಹೊರಡುತ್ತೇವೆ. ನಿಮ್ಮ ಪಾತ್ರೆಗಳೆಲ್ಲ ತೊಳೆದು ಜಗುಲಿಯಲ್ಲಿಟ್ಟಿದ್ದೇನೆ. ಅಷ್ಟರೊಳಗೆ ಬಂದು ತಗೊಂಡು ಹೋಗಿ.