ಸಿ.ಓ. ಮುಂದೆ ‘ಗಿಲ್ಟಿ’ ಎಂದರೆ ಮುಗಿಯಿತೇ?

ಸಂಪಾದಕರೇ,

ಪೊಲೀಸರ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 1872ರ ಕಾಯ್ದೆಯಲ್ಲಿದ್ದ ಈ ರಕ್ಷಣೆ 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಉಳಿದಿದೆ. ಸಂತೋಷ. ಆದರೆ ಸೈನ್ಯದ ಜವಾನ ತಪ್ಪು ಒಪ್ಪಿಕೊಳ್ಳುವುದು ತನ್ನ ಸಿ.ಓ. ಮುಂದೆ, ಅಂದರೆ ಯೂನಿಟ್ ನಡೆಸುವ ಕಮಾಂಡಿಂಗ್ ಆಫೀಸರ್ ಮುಂದೆ. ಅವರು ಪೊಲೀಸ್ ಅಲ್ವಲ್ಲ!

ನಾನು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು. ಸಮರಿ ಕೋರ್ಟ್ ಮಾರ್ಷಲ್, ಅಂದರೆ ಯೂನಿಟ್‌ನಲ್ಲೇ ಚುಟುಕಾಗಿ ನಡೆಯುವ ಸೇನಾ ವಿಚಾರಣೆಯ ಕಾಗದಗಳನ್ನು ಟೈಪ್ ಮಾಡಿದ್ದೇನೆ. ಅಲ್ಲಿ ಸಿ.ಓ. ಒಬ್ಬರೇ ನ್ಯಾಯಾಧೀಶರು. ಜೊತೆಗೆ ಇಬ್ಬರು ಕೂರುತ್ತಾರೆ, ತೀರ್ಪಿನಲ್ಲಿ ಅವರ ಮಾತು ನಡೆಯುವುದಿಲ್ಲ. ಲೆಫ್ಟಿನೆಂಟ್ ಕರ್ನಲ್ ದರ್ಜೆಯವರು ಒಂದು ವರ್ಷದವರೆಗೆ ಜೈಲು ಕೊಡಬಹುದು, ನೌಕರಿಯಿಂದಲೇ ತೆಗೆಯಬಹುದು. ಜವಾನನ ರಜೆ, ಬಡ್ತಿ, ಕ್ವಾರ್ಟರ್ಸ್ ಎಲ್ಲಾ ಇದೇ ಸಾಹೇಬರ ಕೈಯಲ್ಲಿ.

ಹಾವೇರಿ ಕಡೆಯ ಹುಡುಗನೊಬ್ಬ ರಜೆ ಮುಗಿದ ಮೇಲೂ ಊರಲ್ಲೇ ಉಳಿದಿದ್ದ. ತಾಯಿ ಆಸ್ಪತ್ರೆಯಲ್ಲಿದ್ದರು. ಚೀಟಿಗಳೂ ಇದ್ದವು. ‘ಒಪ್ಕೊಂಡ್ಬಿಡು, ಬೇಗ ಮುಗಿಯುತ್ತೆ’ ಎಂದು ಸೀನಿಯರ್‌ಗಳು ಹೇಳಿದರು. ಒಪ್ಪಿಕೊಂಡ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ವಿಚಾರಣೆ ಮುಗಿಯಿತು, ನೌಕರಿಯೂ ಹೋಯಿತು. ಸೇನಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ‘ಸಾಕಷ್ಟು ಕಾರಣವಿಲ್ಲದೆ’ ಉಳಿದರೆ ಮಾತ್ರ ಅದು ಅಪರಾಧ. ಅವನಿಗೆ ಕಾರಣವಿತ್ತು. ‘ಗಿಲ್ಟಿ’ ಎಂದ ಮೇಲೆ ಆ ಚೀಟಿಗಳನ್ನು ಕೇಳುವವರು ಯಾರು?

ನಿಯಮಗಳೇ ಇಲ್ಲ ಎಂದಲ್ಲ. ಕೋರ್ಟ್ ಆಫ್ ಎನ್‌ಕ್ವಯರಿಯಲ್ಲಿ (ಸೈನ್ಯದೊಳಗಿನ ತನಿಖೆಯಲ್ಲಿ) ಜವಾನ ಒಪ್ಪಿಕೊಂಡದ್ದನ್ನು ಆಮೇಲೆ ಅವನ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ತಪ್ಪೊಪ್ಪಿಗೆಯ ಪರಿಣಾಮವನ್ನು ಆರೋಪಿಗೆ ವಿವರಿಸಬೇಕು. ಅವನಿಗೆ ಅದು ಅರ್ಥವಾಗಿಲ್ಲ ಎಂದು ಕಂಡರೆ ‘ನಾಟ್ ಗಿಲ್ಟಿ’ ಎಂದು ಬದಲಿಸಿ ಬರೆಯಬೇಕು. ಆರೋಪಿಯ ಸಹಿಯೇ ಇಲ್ಲದ ‘ಗಿಲ್ಟಿ’ಯನ್ನು ಒಪ್ಪದೆ ಹೈಕೋರ್ಟುಗಳು ಶಿಕ್ಷೆ ರದ್ದು ಮಾಡಿದ್ದೂ ಇದೆ. ಆದರೆ ವಿವರಿಸುವವರು ಯಾರು? ಶಿಕ್ಷೆ ಕೊಡುವ ಸಾಹೇಬರೇ! ಸೇನಾ ನಿಯಮಗಳ ನಿಯಮ 129ರಂತೆ ಆರೋಪಿ ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಳ್ಳಬಹುದು, ವಕೀಲರನ್ನೂ ಕರೆಯಬಹುದು. ಅವರು ಕಿವಿಯಲ್ಲಿ ಸಲಹೆ ಹೇಳಬಹುದು, ಕೋರ್ಟಿನ ಮುಂದೆ ಬಾಯಿ ಬಿಡುವಂತಿಲ್ಲ. ನಾನು ನೋಡಿದ ಕೇಸುಗಳಲ್ಲಿ ಆ ಸಹಾಯಕ ಅದೇ ಯೂನಿಟ್‌ನವನು. ನಾಳೆ ಅವನಿಗೂ ರಜೆ ಬೇಕು.

ಗಡಿಯಲ್ಲಿ ಶಿಸ್ತಿನ ವಿಚಾರ ಬೇಗ ಮುಗಿಯಬೇಕು, ಒಪ್ಪುತ್ತೇನೆ. ಶಾಂತಿ ಕಾಲದ ಕಂಟೋನ್ಮೆಂಟ್‌ನಲ್ಲಿ ಏನು ಅವಸರ? ಜವಾನ ‘ಗಿಲ್ಟಿ’ ಎನ್ನುವ ಮೊದಲು ಬೇರೆ ಯೂನಿಟ್‌ನ ಅಧಿಕಾರಿಯೋ ಸೇನೆಯ ಕಾನೂನು ಶಾಖೆಯವರೋ ಅವನ ಜೊತೆ ಒಬ್ಬರೇ ಕೂತು ಮಾತಾಡಲಿ. ಫೋನಿನಲ್ಲಾದರೂ ಸರಿ. ಇದಕ್ಕೆ ಸಂಸತ್ತಿನವರೆಗೆ ಹೋಗಬೇಕಿಲ್ಲ, ಕೇಂದ್ರ ಸರ್ಕಾರ ನಿಯಮ 129ಕ್ಕೆ ಒಂದು ಸಾಲು ಸೇರಿಸಿದರೆ ಆಯಿತು.

– ನಿವೃತ್ತ ಹವಾಲ್ದಾರ್, ಅರಕಲಗೂಡು