ಭಾನುವಾರ ವಿಭೂತಿಹಳ್ಳಿಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ್ರಿ. ಭಾನುವಾರ ಬೆಳಿಗ್ಗೆ 6.30ಕ್ಕೆ ಶಹಾಪುರ ಬಸ್ ಸ್ಟ್ಯಾಂಡ್ ಹತ್ತಿರ ಸೇರಿ, ವಿಭೂತಿಹಳ್ಳಿಯ ಕಲ್ಲಿನ ಸಾಲು ನೋಡಿ ಬರೋಣ. ಬಿಸಿಲು ಏರುವ ಮುಂಚೆ ವಾಪಸ್.

ಅವನ್ನು ಏಲಿಯನ್‌ಗಳು ಇಟ್ಟರು ಎನ್ನುವ ವಿಡಿಯೋ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ದಯವಿಟ್ಟು ನಿಲ್ಲಿಸಿ. ಅವು ಬೃಹತ್ ಶಿಲಾಯುಗದಲ್ಲಿ, ಅಂದರೆ ದೊಡ್ಡ ದೊಡ್ಡ ಕಲ್ಲುಗಳಿಂದ ಸಮಾಧಿ, ಸ್ಮಾರಕ ಮಾಡುತ್ತಿದ್ದ ಕಾಲದಲ್ಲಿ, ಇಲ್ಲೇ ಬಾಳಿದ ಜನ ಇಟ್ಟ ಕಲ್ಲುಗಳು. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1850ರ ದಶಕದಲ್ಲೇ ಈ ಭಾಗದ ಇಂಥ ಕಲ್ಲುಗಳ ಬಗ್ಗೆ ಬರೆದಿದ್ದರು. ಏಲಿಯನ್ ಕಥೆ ಜೋರಾಗಿದ್ದು 1968ರಲ್ಲಿ ಸ್ವಿಸ್ ಲೇಖಕ ಎರಿಕ್ ಫಾನ್ ಡೇನಿಕೆನ್ ಪುಸ್ತಕ ಬಂದ ಮೇಲೆ; ಪಿರಮಿಡ್‌ನಂಥ ಹಳೆಯ ಕಟ್ಟಡಗಳ ಹಿಂದೆಯೂ ಏಲಿಯನ್‌ಗಳಿದ್ದರು ಎನ್ನುತ್ತದೆ ಅದು. ಆದರೆ ಈಜಿಪ್ಟಿನಲ್ಲಿ ಪಿರಮಿಡ್‌ಗೆ ಕಲ್ಲು ಸಾಗಿಸಿದ ತಂಡದ ದಿನಚರಿಯೇ 2013ರಲ್ಲಿ ಸಿಕ್ಕಿದೆ. ಇನ್ನೇನು ಸಾಕ್ಷಿ ಬೇಕು, ಅಲ್ವಾ?

ನೀರು, ಟೋಪಿ ತನ್ನಿ. ಕಲ್ಲಿನ ಮೇಲೆ ಯಾರೂ ಹತ್ತಬೇಡಿ, ಹೆಸರು ಕೆತ್ತಬೇಡಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಗಾಡಿ ಇದ್ದವರು ಎಷ್ಟು ಸೀಟು ಖಾಲಿ ಅಂತಲೂ ಹೇಳ್ರಿ.