ಮರ ಬೆಳೆದ ರೈತನಿಗೂ ಪ್ರಮಾಣಪತ್ರ ಸಿಗಲಿ

ಮಾನ್ಯ ಸಂಪಾದಕರೇ,

ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವು 2023ರ ಡಿಸೆಂಬರ್‌ನಲ್ಲಿ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯನ್ನು ಜಾರಿಗೆ ತಂದಿತು. ಕಾಡನ್ನು ಸುಸ್ಥಿರವಾಗಿ ನಿರ್ವಹಿಸಲಾಗುತ್ತಿದೆಯೇ ಎಂಬುದನ್ನು ಮಾತ್ರವಲ್ಲದೆ, ಕಾಡಿನ ಹೊರಗೆ ರೈತರ ಜಮೀನಿನಲ್ಲಿ ಬೆಳೆದ ಮರವನ್ನೂ, ಆ ಮರ ಕಡಿದಲ್ಲಿಂದ ಗ್ರಾಹಕನ ಕೈ ಸೇರುವವರೆಗಿನ ಸಾಗಣೆಯ ಸರಪಣಿಯನ್ನೂ ಸ್ವತಂತ್ರ ಸಂಸ್ಥೆಗಳ ಮೂಲಕ ಪರಿಶೀಲಿಸಿ ಪ್ರಮಾಣಪತ್ರ ನೀಡುವುದು ಇದರ ಉದ್ದೇಶ. ಈ ಎರಡನೆಯ ಭಾಗವೇ ಮಂಡ್ಯ, ಮೈಸೂರು ಜಿಲ್ಲೆಗಳಿಗೆ ಮುಖ್ಯವಾದದ್ದು. ಅದರ ಬಗ್ಗೆಯೇ ನಮ್ಮ ಹಳ್ಳಿಗಳಲ್ಲಿ ಮಾತು ಕೇಳಿಬರುತ್ತಿಲ್ಲ.

ನಾಗಮಂಗಲದ ಒಣಭೂಮಿಯಿಂದ ಹುಣಸೂರು, ಪಿರಿಯಾಪಟ್ಟಣದವರೆಗೆ ಬದುಗಳ ಮೇಲೆ ಹೆಬ್ಬೇವು, ಸಿಲ್ವರ್ ಓಕ್, ತೇಗ ಬೆಳೆಸಿದ ರೈತರಿದ್ದಾರೆ. ಸಿಲ್ವರ್ ಓಕ್, ಸರ್ವೆಯಂಥ ಮರಗಳಿಗೆ ಸಾಗಣೆ ಪರವಾನಗಿಯಿಂದ ವಿನಾಯಿತಿ ಇರುವುದು ಬೆಳೆಗಾರನಿಗೆ ದೊಡ್ಡ ಅನುಕೂಲ, ಅದು ಹಾಗೆಯೇ ಇರಬೇಕು. ಆದರೆ ಅದೇ ಕಾರಣಕ್ಕೆ ಆ ಮರ ಯಾವ ಜಮೀನಿನದು ಎಂಬ ದಾಖಲೆ ಎಲ್ಲಿಯೂ ಉಳಿಯುವುದಿಲ್ಲ. ಮಧ್ಯವರ್ತಿಯ ಲಾರಿಯಲ್ಲಿ ನಾಲ್ಕೂರಿನ ದಿಮ್ಮಿಗಳು ಬೆರೆತ ಮೇಲೆ, ಬೆಳೆದವನ ಪ್ರಾಮಾಣಿಕತೆಗೆ ಬೆಲೆ ಕಟ್ಟುವವರೇ ಇಲ್ಲ.

ಹೊರದೇಶಗಳ ಮಾರುಕಟ್ಟೆ ಈ ದಾಖಲೆಯನ್ನೇ ಕೇಳುತ್ತಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ನಾಶಗೊಳಿಸಿದ ನೆಲದ ಮರ, ಕಾಫಿ, ರಬ್ಬರ್‌ಗೆ ಆ ಕಾನೂನು ಅನ್ವಯವಾದ ಮೇಲೆ ಅಲ್ಲಿ ಪ್ರವೇಶವಿರುವುದಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶಗಳನ್ನೂ ಕೊಡಬೇಕು. ಪ್ರಮಾಣಪತ್ರವೊಂದೇ ಈ ಕಾನೂನಿಗೆ ಸಾಲದು, ನಿಜ. ಆದರೂ ಪ್ರಮಾಣಪತ್ರಕ್ಕಾಗಿ ಸಿದ್ಧಪಡಿಸಿದ ದಾಖಲೆಗಳು ಈ ಕಾನೂನಿಗೂ ಉಪಯೋಗಕ್ಕೆ ಬರುತ್ತವೆ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸದವರು ಇಂಥ ಕಷ್ಟವನ್ನು ಮೊದಲೇ ಉಂಡಿದ್ದಾರೆ. ಬೀಟೆ ಸೇರಿದಂತೆ ಆ ಕುಲದ ಮರಗಳು 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದ ಮೇಲೆ ರಫ್ತಿನ ಪ್ರತಿ ಹೆಜ್ಜೆಗೂ ಕಾಗದಪತ್ರ ಬೇಕಾಯಿತು. ತಲಾ ಹತ್ತು ಕಿಲೋಗಿಂತ ಕಡಿಮೆ ತೂಕದ ಕರಕುಶಲ ವಸ್ತುಗಳಿಗೆ ಸಡಿಲಿಕೆ ದೊರೆತದ್ದು 2022ರ ಕೊನೆಯಲ್ಲಿ.

ಎರಡು ಎಕರೆಯ ರೈತ ಒಬ್ಬನೇ ಪರಿಶೀಲಕರ ಶುಲ್ಕ, ವಾರ್ಷಿಕ ತಪಾಸಣೆಯ ಖರ್ಚು ಭರಿಸಲಾರ. ಇದಕ್ಕೆ ಹಲವು ರೈತರು ಸೇರಿ ಒಂದೇ ಪ್ರಮಾಣಪತ್ರ ಪಡೆಯುವ ಗುಂಪು ಪ್ರಮಾಣೀಕರಣ ಎಂಬ ದಾರಿಯಿದೆ; 1993ರಲ್ಲಿ ಆರಂಭವಾದ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಸೇರಿದಂತೆ ಜಾಗತಿಕ ವ್ಯವಸ್ಥೆಗಳು ಅದನ್ನು ಒಪ್ಪಿವೆ. ನಮ್ಮಲ್ಲಿ ಅದನ್ನು ಶುರುಮಾಡಲು ಹೊಸ ಸಮೀಕ್ಷೆ ಬೇಕಿಲ್ಲ. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ಸಸಿ ಪಡೆದವರ ಹೆಸರು, ಜಮೀನಿನ ವಿವರ, ನೆಟ್ಟ ಸಸಿ ಎಷ್ಟು, ಬದುಕುಳಿದದ್ದೆಷ್ಟು ಎಂಬ ಮಾಹಿತಿ ಅರಣ್ಯ ಇಲಾಖೆಯ ಕಡತದಲ್ಲಿಯೇ ಇದೆ. ಪ್ರೋತ್ಸಾಹಧನ ಕೊಡಲು ಸಿಬ್ಬಂದಿ ಹೋಗಿ ಎಣಿಸಿ ಬಂದ ಲೆಕ್ಕ ಅದು. ಈ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ತಾಲ್ಲೂಕಿಗೊಂದು ರೈತ ಉತ್ಪಾದಕ ಸಂಸ್ಥೆಯನ್ನು ಗುಂಪಿನ ಹೊಣೆಗಾರನನ್ನಾಗಿ ಮಾಡಿ, ಮೊದಲ ಪರಿಶೀಲನೆಯ ವೆಚ್ಚವನ್ನು ಸರ್ಕಾರವೇ ವಹಿಸಿಕೊಳ್ಳಬೇಕೆಂದು ಅರಣ್ಯ ಸಚಿವರಲ್ಲಿ ಒತ್ತಾಯಿಸುತ್ತೇನೆ. ಹಾಗೆ ಮಾಡದಿದ್ದರೆ ದೊಡ್ಡ ತೋಟ, ದೊಡ್ಡ ಕಾರ್ಖಾನೆಗಳಷ್ಟೇ ಮುದ್ರೆ ಪಡೆಯುತ್ತವೆ. ಮುದ್ರೆಯಿಲ್ಲದ ಸಣ್ಣ ರೈತನ ಮರಕ್ಕೆ ಈಗಿರುವ ಬೆಲೆಯೂ ಇಳಿಯುತ್ತದೆ.

– ಮರ ಬೆಳೆಗಾರ, ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ